ಅಂಗಡಿಯ ಖಾತೆಯಿಂದ ರಾಷ್ಟ್ರದ ಖಾತೆಗೆ: ಅಮೆರಿಕದ ಸ್ಥಾಪಕರ ಪೂರ್ವಾಶ್ರಮದ ವೃತ್ತಿಗಳು

ರಾಷ್ಟ್ರವೊಂದರ ಸ್ಥಾಪಕರೆಂದು ಇತಿಹಾಸವು ಗೌರವಿಸುವ ವ್ಯಕ್ತಿಗಳನ್ನು ನಾವು ಸಾಮಾನ್ಯವಾಗಿ ಅವರ ಭಾಷಣಗಳಿಂದ, ಅವರು ಸಹಿ ಮಾಡಿದ ಘೋಷಣೆಗಳಿಂದ ಹಾಗೂ ಅವರ ಪ್ರತಿಮೆಗಳಿಂದ ಅರಿಯುತ್ತೇವೆ. ರಾಜಕೀಯ ಪ್ರವೇಶಕ್ಕೆ ಮುನ್ನ ಅವರು ಜೀವನೋಪಾಯಕ್ಕಾಗಿ ಏನು ಮಾಡುತ್ತಿದ್ದರು, ಯಾರಿಗೆ ಉದ್ರಿ ಕೊಟ್ಟಿದ್ದರು, ಯಾರ ಸಾಲ ತೀರಿಸಬೇಕಾಗಿತ್ತು ಎಂಬ ಪ್ರಶ್ನೆಗಳು ಪಠ್ಯಪುಸ್ತಕಗಳಲ್ಲಿ ಕಾಣಸಿಗುವುದು ವಿರಳ. ಆದರೆ ವಾಣಿಜ್ಯ ಕ್ಷೇತ್ರದಲ್ಲಿರುವ ನಮಗೆ ಮೊದಲು ಹೊಳೆಯಬೇಕಾದ ಪ್ರಶ್ನೆಗಳು ಇವೇ ಆಗಿವೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಸ್ಥಾಪಕರ ವಿಷಯದಲ್ಲಿ ಈ ಪ್ರಶ್ನೆಗಳಿಗೆ ಉತ್ತರ ದೊರೆಯುವುದು ಸುಲಭ. 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಮಾಡಿದ 56 ಮಂದಿಯಲ್ಲಿ ವಕೀಲರು, ವರ್ತಕರು, ಜಮೀನುದಾರರು, ವೈದ್ಯರು ಎಲ್ಲರೂ ಇದ್ದರು. ಅವರಲ್ಲಿ ಅನೇಕರ ಪತ್ರಗಳು ಮಾತ್ರವಲ್ಲದೆ ಖಾತೆ ಪುಸ್ತಕಗಳೂ ಇಂದಿಗೂ ಸುರಕ್ಷಿತವಾಗಿ ಉಳಿದಿವೆ. ಅವುಗಳನ್ನು ಲೆಕ್ಕಪರಿಶೋಧಕನ ದೃಷ್ಟಿಯಿಂದ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ದಿನನಿತ್ಯದ ವೃತ್ತಿಯಲ್ಲಿ ಈ ಮಹನೀಯರು ಕಲಿತ ಶಿಸ್ತು ಹಾಗೂ ಕಲಿಯದೆ ಬಿಟ್ಟ ಶಿಸ್ತು, ಇವೆರಡೂ ಹೊಸ ರಾಷ್ಟ್ರದ ಹಣಕಾಸು ವ್ಯವಸ್ಥೆಯ ಮೇಲೆ ತಮ್ಮ ಗುರುತನ್ನು ಉಳಿಸಿವೆ. ತನ್ನ ಹಣ ಯಾವುದು, ಪರರ ಹಣ ಯಾವುದು ಎಂಬ ವಿವೇಕವೇ ಆ ಶಿಸ್ತಿನ ತಿರುಳು. ಈ ಲೇಖನದಲ್ಲಿ ಅಂತಹ ಕೆಲವರ ವೃತ್ತಿಜೀವನವನ್ನು ಈ ನೆಲೆಯಿಂದ ಪರಿಶೀಲಿಸಲಾಗಿದೆ.

ಮುದ್ರಕ ಫ್ರಾಂಕ್ಲಿನ್

ಬೆಂಜಮಿನ್ ಫ್ರಾಂಕ್ಲಿನ್ 1706ರಲ್ಲಿ ಬಾಸ್ಟನ್ ನಗರದಲ್ಲಿ ಜನಿಸಿದರು. ತಂದೆಯವರದು ಮೇಣದಬತ್ತಿ ಮತ್ತು ಸಾಬೂನು ತಯಾರಿಸುವ ಕಸುಬು. ಬಾಲಕ ಬೆಂಜಮಿನ್ ತನ್ನ ಹನ್ನೆರಡನೆಯ ವಯಸ್ಸಿನಲ್ಲಿ ಅಣ್ಣ ಜೇಮ್ಸ್‌ನ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ಸೇರಿ, 1723ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಫಿಲಡೆಲ್ಫಿಯಾ ನಗರಕ್ಕೆ ಬಂದನು. 1728ರಲ್ಲಿ ಪಾಲುದಾರನೊಬ್ಬನೊಡನೆ ಸ್ವಂತ ಮುದ್ರಣಾಲಯ ತೆರೆದು, ಮರುವರ್ಷ ‘ಪೆನ್ಸಿಲ್ವೇನಿಯಾ ಗೆಜೆಟ್’ ಪತ್ರಿಕೆಯನ್ನು ಕೊಂಡನು. ಪತ್ರಿಕೆ, ಪಂಚಾಂಗ, ಸರ್ಕಾರಿ ಮುದ್ರಣ, ಕಾಗದದ ಹಣದ ಮುದ್ರಣ ಇವೆಲ್ಲವೂ ಆ ಅಚ್ಚುಕೂಟದ ಆದಾಯ ಮೂಲಗಳಾಗಿದ್ದವು. ನೋಟುಗಳನ್ನು ನಕಲು ಮಾಡುವುದನ್ನು ತಡೆಯಲು ನಿಜವಾದ ಎಲೆಗಳ ನರಗಳ ಅಚ್ಚನ್ನು ನೋಟಿನ ಮೇಲೆ ಮೂಡಿಸುವ ಉಪಾಯವನ್ನು ಆತ ಬಳಕೆಗೆ ತಂದನು. ಒಂದು ಎಲೆಯ ನರಗಳಂತೆ ಇನ್ನೊಂದು ಎಲೆಯ ನರಗಳಿರುವುದಿಲ್ಲವಾದ್ದರಿಂದ ಖೋಟಾ ನೋಟು ಮುದ್ರಿಸುವವನಿಗೆ ಅದು ಕಠಿಣವಾಗಿ ಪರಿಣಮಿಸಿತು.

ನಮ್ಮ ಸದಸ್ಯರಿಗೆ ಹೆಚ್ಚು ಸ್ವಾರಸ್ಯಕರವೆನಿಸುವುದು ಫ್ರಾಂಕ್ಲಿನ್ನರ ಪಾಲುಗಾರಿಕೆಯ ಪದ್ಧತಿ. ತಮ್ಮಲ್ಲಿ ಕೆಲಸ ಕಲಿತ ನಂಬಿಕಸ್ಥರನ್ನು ಅವರು ಬೇರೆ ವಸಾಹತುಗಳ ಊರುಗಳಿಗೆ ಕಳುಹಿಸಿ ಅಲ್ಲಿ ಮುದ್ರಣಾಲಯ ತೆರೆಸುತ್ತಿದ್ದರು. ಯಂತ್ರ ಮತ್ತು ಅಚ್ಚುಮೊಳೆಗಳು ಫ್ರಾಂಕ್ಲಿನ್ನರವು, ದುಡಿಮೆ ಮತ್ತೊಬ್ಬರದು. ಖರ್ಚಿನ ಮೂರನೆಯ ಒಂದು ಭಾಗವನ್ನು ಭರಿಸಿ ಲಾಭದ ಮೂರನೆಯ ಒಂದು ಭಾಗವನ್ನು ಪಡೆಯುವುದು, ಆರು ವರ್ಷಗಳ ಅವಧಿಯ ನಂತರ ಇಚ್ಛೆಯಿದ್ದಲ್ಲಿ ಪಾಲುದಾರನೇ ಮುದ್ರಣಾಲಯವನ್ನು ಕೊಳ್ಳುವುದು, ಇವು ಮುಖ್ಯ ಷರತ್ತುಗಳಾಗಿದ್ದವು. ಒಡಕಿಲ್ಲದೆ ಮುಗಿಯಬೇಕಾದರೆ ಪಾಲುಗಾರಿಕೆಯ ಎಲ್ಲ ಷರತ್ತುಗಳೂ ಆರಂಭದಲ್ಲಿಯೇ ಲಿಖಿತವಾಗಿರಬೇಕೆಂಬುದು ಅವರ ದೃಢ ಅಭಿಪ್ರಾಯವಾಗಿತ್ತು.

ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್ ಶಾಖೆಯ ಪ್ರಸಂಗವನ್ನು ಅವರು ತಮ್ಮ ಆತ್ಮಕಥೆಯಲ್ಲಿ ವಿವರಿಸಿದ್ದಾರೆ. ಅಲ್ಲಿದ್ದ ಪಾಲುದಾರ ಲೂಯಿಸ್ ತಿಮೋತಿ ವಿದ್ಯಾವಂತ, ಪ್ರಾಮಾಣಿಕ; ಆದರೆ ಲೆಕ್ಕಪತ್ರದ ಜ್ಞಾನವಿರಲಿಲ್ಲ. ಆತ ಬದುಕಿರುವವರೆಗೂ ಸಮಾಧಾನಕರವಾದ ಲೆಕ್ಕ ಫಿಲಡೆಲ್ಫಿಯಾಕ್ಕೆ ಬರಲಿಲ್ಲ. 1738ರಲ್ಲಿ ಆತ ಮರಣ ಹೊಂದಿದ ಮೇಲೆ ಪತ್ನಿ ಎಲಿಜಬೆತ್ ತಿಮೋತಿ ವ್ಯವಹಾರವನ್ನು ವಹಿಸಿಕೊಂಡರು. ಹೆಣ್ಣುಮಕ್ಕಳಿಗೂ ಲೆಕ್ಕಶಾಸ್ತ್ರ ಕಲಿಸುವ ರೂಢಿಯಿದ್ದ ಹಾಲೆಂಡಿನಲ್ಲಿ ಬೆಳೆದ ಆಕೆ, ಹಿಂದಿನ ವ್ಯವಹಾರದ ಲೆಕ್ಕವನ್ನು ಸಾಧ್ಯವಾದಷ್ಟು ಸರಿಪಡಿಸಿ ಕಳುಹಿಸಿದ್ದಲ್ಲದೆ, ಅನಂತರ ಪ್ರತಿ ತ್ರೈಮಾಸಿಕಕ್ಕೂ ತಪ್ಪದೆ ಲೆಕ್ಕ ಒಪ್ಪಿಸಿದರು. ಕೊನೆಗೆ ಆ ಮುದ್ರಣಾಲಯವನ್ನೇ ಕೊಂಡು ಮಗನನ್ನು ಅದರಲ್ಲಿ ನೆಲೆಗೊಳಿಸಿದರು. ಹೆಣ್ಣುಮಕ್ಕಳಿಗೆ ಸಂಗೀತ, ನೃತ್ಯಗಳಿಗಿಂತ ಲೆಕ್ಕಶಾಸ್ತ್ರ ಕಲಿಸುವುದು ಹೆಚ್ಚು ಉಪಯುಕ್ತವೆಂದು ಫ್ರಾಂಕ್ಲಿನ್ ಈ ಸಂದರ್ಭದಲ್ಲಿ ಅಭಿಪ್ರಾಯಪಟ್ಟಿದ್ದಾರೆ. ಪ್ರಾಮಾಣಿಕತೆ ಬೇರೆ, ಲೆಕ್ಕ ಒಪ್ಪಿಸುವ ಸಾಮರ್ಥ್ಯ ಬೇರೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ.

1748ರಲ್ಲಿ, 42ನೆಯ ವಯಸ್ಸಿನಲ್ಲಿ, ಫ್ರಾಂಕ್ಲಿನ್ ತಮ್ಮ ಮೇಲ್ವಿಚಾರಕ ಡೇವಿಡ್ ಹಾಲ್ ಅವರಿಗೆ ಮುದ್ರಣಾಲಯವನ್ನು ವಹಿಸಿ, 18 ವರ್ಷಗಳ ಕಾಲ ಲಾಭದಲ್ಲಿ ಅರ್ಧ ಪಾಲು ಪಡೆಯುವ ಒಪ್ಪಂದ ಮಾಡಿಕೊಂಡು ದೈನಂದಿನ ವ್ಯವಹಾರದಿಂದ ನಿವೃತ್ತರಾದರು. ವಿದ್ಯುಚ್ಛಕ್ತಿಯ ಪ್ರಯೋಗಗಳಿಗೂ ಸಾರ್ವಜನಿಕ ಸೇವೆಗೂ ಬೇಕಾದ ಬಿಡುವು ಆ ಒಪ್ಪಂದದಿಂದಲೇ ದೊರೆಯಿತು. ಮುಂದೆ ರಾಯಭಾರಿಯಾಗಿ ಕೀರ್ತಿ ಗಳಿಸಿದ ಮೇಲೂ ತಮ್ಮ ಮರಣಪತ್ರದಲ್ಲಿ ಅವರು ತಮ್ಮನ್ನು ಮೊದಲು ಮುದ್ರಕನೆಂದೇ ಕರೆದುಕೊಂಡರು. ಕಸುಬು ಕಲಿತು ಮುಗಿಸಿದ 25 ವರ್ಷದೊಳಗಿನ ತರುಣರಿಗೆ ಇಬ್ಬರ ಜಾಮೀನಿನ ಮೇಲೆ ಶೇಕಡಾ 5ರ ಬಡ್ಡಿಯಲ್ಲಿ ಸಾಲ ನೀಡಲೆಂದು ಬಾಸ್ಟನ್ ಮತ್ತು ಫಿಲಡೆಲ್ಫಿಯಾ ನಗರಗಳಿಗೆ ತಲಾ 1,000 ಪೌಂಡ್‌ಗಳ ನಿಧಿಯನ್ನು ಬಿಟ್ಟರು. 200 ವರ್ಷಗಳ ಆ ನಿಧಿಯ ಅವಧಿ ಮುಗಿದದ್ದು 1990ರ ದಶಕದ ಆರಂಭದಲ್ಲಿ.

ಮೋಜಣಿದಾರ ವಾಷಿಂಗ್ಟನ್

ಜಾರ್ಜ್ ವಾಷಿಂಗ್ಟನ್ ಹನ್ನೊಂದನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ಅಣ್ಣಂದಿರಂತೆ ಇಂಗ್ಲೆಂಡಿಗೆ ಹೋಗಿ ಓದುವ ಅವಕಾಶ ಅವರಿಗೆ ತಪ್ಪಿತು. ಬದಲಿಗೆ ಅವರು ಭೂಮಾಪನವನ್ನು ಕಲಿತು, 1748ರಲ್ಲಿ 16ನೆಯ ವಯಸ್ಸಿನಲ್ಲಿ ಶೆನಂಡೋವ ಕಣಿವೆಯ ಮೋಜಣಿ ತಂಡದೊಂದಿಗೆ ಹೊರಟರು. ಮರುವರ್ಷ ಕಲ್ಪೆಪರ್ ಜಿಲ್ಲೆಯ ಮೋಜಣಿದಾರರಾಗಿ ನೇಮಕಗೊಂಡರು. ಅವರು ತಮ್ಮ ಜೀವಿತಾವಧಿಯಲ್ಲಿ ಸುಮಾರು 200 ಮೋಜಣಿಗಳನ್ನು ನಡೆಸಿದರು. ಸರಪಳಿ ಹಿಡಿದು ಗಳಿಸಿದ ಹಣದಿಂದಲೇ ಅವರು ಮೊದಲ ಜಮೀನು ಕೊಂಡರು.

ಅವರ ಮೊದಲನೆಯ ಖಾತೆ ಪುಸ್ತಕ 1750ರಿಂದ ಆರಂಭವಾಗುತ್ತದೆ. ಜೋಡಿ ನಮೂದು ಪದ್ಧತಿಯಲ್ಲಿ ಎಡಕ್ಕೆ ಖರ್ಚು, ಬಲಕ್ಕೆ ಜಮಾ ಬರೆದಿರುವ ಪುಟಗಳು ಅದರಲ್ಲಿವೆ. ನಗದು ಶಿಲ್ಕು ತಾಳೆಯಾಗದಿದ್ದಾಗ, ಕಳೆದುಹೋದ, ಕಳವಾದ ಅಥವಾ ಬರೆದಿಡದೆ ಪಾವತಿ ಮಾಡಿದ ಹಣವೆಂದು ಪ್ರಾಮಾಣಿಕವಾಗಿ ನಮೂದಿಸಿ ಸರಿದೂಗಿಸಿದ ಉದಾಹರಣೆಯೂ ಇದೆ. ನಮ್ಮ ಕಾಲದ ಅನೇಕ ಸಂಸ್ಥೆಗಳು ಇಂತಹ ಮೊತ್ತವನ್ನು ‘ಇತರೆ ವೆಚ್ಚ’ದಲ್ಲಿ ಅಡಗಿಸುವುದನ್ನು ಬಲ್ಲ ಲೆಕ್ಕಪರಿಶೋಧಕರು ಈ ನಮೂದನ್ನು ಗೌರವದಿಂದ ಓದುವರು.

ಮೌಂಟ್ ವರ್ನನ್ನಿನ ಜಮೀನಿನಲ್ಲಿ ತಂಬಾಕು ಬೆಳೆದು ಲಂಡನ್ನಿನ ದಲ್ಲಾಳಿ ಸಂಸ್ಥೆಗೆ ಕಳುಹಿಸುವುದು, ಅದೇ ಸಂಸ್ಥೆಯ ಮೂಲಕ ಬಟ್ಟೆ, ಸಲಕರಣೆ, ಸಾರೋಟುಗಳನ್ನು ತರಿಸುವುದು ಅಂದಿನ ವರ್ಜೀನಿಯಾದ ಜಮೀನುದಾರರ ರೂಢಿ. ತಂಬಾಕಿನ ಬೆಲೆ ಕುಸಿದು ಸಾಮಗ್ರಿಗಳ ಬೆಲೆ ಏರುತ್ತಿದ್ದಂತೆ ದಲ್ಲಾಳಿಯ ಪುಸ್ತಕದಲ್ಲಿ ಸಾಲ ಬೆಳೆಯುತ್ತಿತ್ತು. ವಾಷಿಂಗ್ಟನ್ನರೂ ಇದೇ ಸ್ಥಿತಿಗೆ ಸಿಲುಕಿದ್ದರು. ಆದರೆ ಅವರು ತಮ್ಮ ಖಾತೆಗಳನ್ನು ಓದಿ, 1760ರ ದಶಕದ ಮಧ್ಯಭಾಗದಲ್ಲಿಯೇ ಅಲ್ಲಿ ತಂಬಾಕನ್ನು ಕೈಬಿಟ್ಟು ಗೋಧಿಯತ್ತ ತಿರುಗಿದರು; ಹಿಟ್ಟಿನ ಗಿರಣಿ ಹಾಗೂ ಮೀನುಗಾರಿಕೆಯನ್ನು ಬೆಳೆಸಿದರು. ಖಾತೆ ಬರೆಯುವುದು ಒಂದು ಕೆಲಸವಾದರೆ, ಬರೆದದ್ದನ್ನು ಓದಿ ವ್ಯವಹಾರವನ್ನು ಬದಲಿಸುವುದು ಅದಕ್ಕಿಂತ ದೊಡ್ಡ ಕೆಲಸ.

1775ರಲ್ಲಿ ಸೇನಾಪತಿಯಾಗಿ ನೇಮಕಗೊಂಡಾಗ ಅವರು ಸಂಬಳವನ್ನು ನಿರಾಕರಿಸಿ, ವೆಚ್ಚವನ್ನು ಮಾತ್ರ ಕೊಟ್ಟರೆ ಸಾಕು, ಅದರ ನಿಖರ ಲೆಕ್ಕವನ್ನು ತಾವೇ ಇಡುವುದಾಗಿ ತಿಳಿಸಿದರು. ಎಂಟು ವರ್ಷಗಳ ಯುದ್ಧಕಾಲದ ಲೆಕ್ಕವನ್ನು 1783ರಲ್ಲಿ ಸ್ವಹಸ್ತಾಕ್ಷರದಲ್ಲಿ ಬರೆದು ಒಪ್ಪಿಸಿದರು. ಚಳಿಗಾಲದ ಶಿಬಿರಗಳಿಗೆ ಪತ್ನಿ ಬಂದುಹೋದ ಪ್ರಯಾಣ ವೆಚ್ಚವನ್ನು ಸೇರಿಸಬಹುದೇ ಎಂಬ ಸಂಶಯ ಅವರನ್ನು ಕಾಡಿತ್ತು. ಯುದ್ಧಕಾಲದಲ್ಲಿ ರಜೆ ಪಡೆದು ಮನೆಗೆ ಹೋಗದಿದ್ದುದರಿಂದ ಈ ವೆಚ್ಚ ನ್ಯಾಯಸಮ್ಮತವೆಂದು ಅವರು ಲೆಕ್ಕದಲ್ಲಿಯೇ ಕಾರಣ ನೀಡಿದರು. ಪರಿಶೀಲನೆ ನಡೆಸಿದ ಸರ್ಕಾರಿ ಅಧಿಕಾರಿಗೆ ಕಂಡ ವ್ಯತ್ಯಾಸ ಒಂದು ಡಾಲರಿಗೂ ಕಡಿಮೆ. ಅದೂ ವಾಷಿಂಗ್ಟನ್ನರಿಗೇ ಸಲ್ಲಬೇಕಾದದ್ದು!

ಅಂಗಡಿಕಾರ ಶರ್ಮನ್

ರೋಜರ್ ಶರ್ಮನ್ ಎಂಬ ಹೆಸರು ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ. 1774ರ ವ್ಯಾಪಾರ ಬಹಿಷ್ಕಾರದ ಒಪ್ಪಂದ, ಸ್ವಾತಂತ್ರ್ಯ ಘೋಷಣೆ, ಒಕ್ಕೂಟದ ಕರಾರು ಹಾಗೂ 1787ರ ಸಂವಿಧಾನ, ಈ ನಾಲ್ಕಕ್ಕೂ ಸಹಿ ಮಾಡಿದ ಏಕೈಕ ವ್ಯಕ್ತಿ ಅವರು. ಅವರ ಮೊದಲ ಕಸುಬು ಪಾದರಕ್ಷೆ ಹೊಲಿಯುವುದು. 1743ರಲ್ಲಿ ಕನೆಕ್ಟಿಕಟ್‌ಗೆ ಬಂದು ನೆಲೆಸಿ, ಅಣ್ಣನೊಡನೆ ಅಂಗಡಿ ನಡೆಸಿ, ಮೋಜಣಿ ಕೆಲಸ ಮಾಡಿ, ಪಂಚಾಂಗ ಪ್ರಕಟಿಸಿ, ಸ್ವಂತ ಓದಿನಿಂದ 1754ರಲ್ಲಿ ವಕೀಲರಾದರು.

ಅಂಗಡಿಕಾರರಾಗಿ ಅವರು ಅನುಭವಿಸಿದ ಕಷ್ಟ ಇಂದಿನ ವರ್ತಕರಿಗೂ ಅರ್ಥವಾಗುವಂಥದು. ಉದ್ರಿ ಕೊಟ್ಟ ದಿನ ಹಣಕ್ಕೆ ಒಂದು ಬೆಲೆ. ಗಿರಾಕಿ ಬಾಕಿ ತೀರಿಸುವ ದಿನ ಇನ್ನೊಂದು ಬೆಲೆ. ನೆರೆಯ ರೋಡ್ ಐಲೆಂಡ್ ವಸಾಹತು ಮಿತಿಮೀರಿ ಮುದ್ರಿಸಿದ ಕಾಗದದ ಹಣ ಕನೆಕ್ಟಿಕಟ್ಟಿನ ಅಂಗಡಿಗಳಿಗೆ ಬಂದು, ಅದರ ಮೌಲ್ಯ ದಿನೇ ದಿನೇ ಇಳಿಯುತ್ತಿತ್ತು. ಇದು ಸಾಲ ಕೊಟ್ಟವನಿಗೆ ಆಗುವ ಅನ್ಯಾಯವೆಂದು ವಾದಿಸಿ ಶರ್ಮನ್ 1752ರಲ್ಲಿ ಒಂದು ಕಿರುಹೊತ್ತಗೆಯನ್ನೇ ಪ್ರಕಟಿಸಿದರು.

ಮೂವತ್ತೈದು ವರ್ಷಗಳ ನಂತರ ಸಂವಿಧಾನ ಸಭೆಯಲ್ಲಿ ಜೇಮ್ಸ್ ವಿಲ್ಸನ್ ಅವರೊಡನೆ ಶರ್ಮನ್ ಒಂದು ತಿದ್ದುಪಡಿಯನ್ನು ಸೂಚಿಸಿದರು. ಯಾವ ರಾಜ್ಯವೂ ಕಾಗದದ ಹಣವನ್ನು ಹೊರಡಿಸಕೂಡದು, ಚಿನ್ನ ಬೆಳ್ಳಿಯ ನಾಣ್ಯದ ಹೊರತು ಬೇರಾವುದನ್ನೂ ಸಾಲ ತೀರಿಕೆಯ ಕಾನೂನುಬದ್ಧ ಸಾಧನವನ್ನಾಗಿ ಮಾಡಕೂಡದು ಎಂಬುದು ಅದರ ಸಾರ. ಆ ನಿಷೇಧ ಸಂವಿಧಾನದ ಮೊದಲನೆಯ ವಿಧಿಯ ಹತ್ತನೆಯ ಪ್ರಕರಣದಲ್ಲಿ ಇಂದಿಗೂ ಇದೆ. ಹಳ್ಳಿಯ ಅಂಗಡಿಯೊಂದರ ಬಾಕಿ ಪುಸ್ತಕದ ಅನುಭವ ಹೀಗೆ ರಾಷ್ಟ್ರದ ಮೂಲ ಕಾನೂನಿನವರೆಗೂ ತಲುಪಿತು.

ಮುಗಿಯದ ಲೆಕ್ಕಗಳು

ಸ್ಥಾಪಕರೆಲ್ಲರೂ ಇಷ್ಟೇ ಶಿಸ್ತಿನವರಾಗಿದ್ದರೆಂದು ಭಾವಿಸುವುದು ತಪ್ಪಾದೀತು.

ಬಾಸ್ಟನ್ನಿನ ಸ್ಯಾಮ್ಯುಯೆಲ್ ಆಡಮ್ಸ್ ಅವರನ್ನು ಜನ ಬಿಯರ್ ತಯಾರಕರೆಂದು ನೆನೆಯುತ್ತಾರೆ. ವಾಸ್ತವವಾಗಿ ಕುಟುಂಬದ ವ್ಯವಹಾರ ಬಾರ್ಲಿಯನ್ನು ಮೊಳಕೆ ಬರಿಸಿ ಮಾಲ್ಟ್ ಮಾಡುವುದು. ತಂದೆ ಕೊಟ್ಟ 1,000 ಪೌಂಡ್‌ಗಳ ಬಂಡವಾಳದಲ್ಲಿ ಅರ್ಧವನ್ನು ಸ್ನೇಹಿತನಿಗೆ ಸಾಲ ಕೊಟ್ಟು ಕಳೆದುಕೊಂಡರು, ಉಳಿದದ್ದೂ ನಿಲ್ಲಲಿಲ್ಲ. ಮಾಲ್ಟ್ ಮನೆಯೂ ಅವರ ಕೈಯಲ್ಲಿ ಏಳಿಗೆ ಕಾಣಲಿಲ್ಲ. 1756ರಲ್ಲಿ ಅವರು ನಗರದ ತೆರಿಗೆ ವಸೂಲಿದಾರರಾದರು. ಬಡವರ ಮೇಲೆ ಬಲವಂತ ಮಾಡದ ವಸೂಲಿದಾರ ಜನಪ್ರಿಯನಾಗುವುದು ಸಹಜ. ಆದರೆ ವಸೂಲಾಗದ ಮೊತ್ತಕ್ಕೆ ಆತನೇ ಹೊಣೆ. 1765ರ ವೇಳೆಗೆ ಅವರ ಹೆಸರಿನಲ್ಲಿ ಸುಮಾರು 8,000 ಪೌಂಡ್ ಬಾಕಿ ನಿಂತಿತ್ತು.

ಸ್ವಾತಂತ್ರ್ಯ ಘೋಷಣೆಯ ಮೇಲೆ ಎಲ್ಲಕ್ಕಿಂತ ದೊಡ್ಡ ಸಹಿ ಹಾಕಿದ ಜಾನ್ ಹ್ಯಾನ್‌ಕಾಕ್ ಬಾಸ್ಟನ್ನಿನ ಬಹು ದೊಡ್ಡ ವರ್ತಕರಲ್ಲೊಬ್ಬರು. ಪುಸ್ತಕ ವ್ಯಾಪಾರದಿಂದ ಮೇಲೆ ಬಂದ ಚಿಕ್ಕಪ್ಪನ ಹಡಗು ವ್ಯವಹಾರವನ್ನು 1764ರಲ್ಲಿ ಉತ್ತರಾಧಿಕಾರಿಯಾಗಿ ಪಡೆದರು. 1773ರಲ್ಲಿ ಅವರು ಹಾರ್ವರ್ಡ್ ಕಾಲೇಜಿನ ಖಜಾಂಚಿಯಾದರು. ಕಾಲೇಜಿನ ಆಡಳಿತದವರು ಲೆಕ್ಕ ಕೇಳಿದಷ್ಟೂ ಅವರು ಮುಂದೂಡುತ್ತ ಹೋದರು. ಅವರ ಜೀವಿತಕಾಲದಲ್ಲಿ ಅದು ಪೂರ್ಣವಾಗಿ ಇತ್ಯರ್ಥವಾಗಲೇ ಇಲ್ಲ. 1793ರಲ್ಲಿ ಅವರು ಮರಣ ಹೊಂದಿದ ಬಳಿಕ ವಾರಸುದಾರರು ಬಾಕಿ ತೀರಿಸಬೇಕಾಯಿತು. ಅವರ ಔದಾರ್ಯವನ್ನು ಯಾರೂ ಅಲ್ಲಗಳೆದಿಲ್ಲ. ಆದರೆ ಔದಾರ್ಯವು ಲೆಕ್ಕಕ್ಕೆ ಪರ್ಯಾಯವಲ್ಲ.

ವಕೀಲ ಹಾಗೂ ಜಮೀನುದಾರ ಥಾಮಸ್ ಜೆಫರ್ಸನ್ ಅವರದು ಇನ್ನೂ ವಿಚಿತ್ರವಾದ ಪ್ರಕರಣ. 1767ರಿಂದ 1826ರವರೆಗೆ, ಸುಮಾರು ಅರುವತ್ತು ವರ್ಷ, ಅವರು ಪ್ರತಿದಿನದ ಖರ್ಚನ್ನು ಪೈಸೆ ಪೈಸೆಯಾಗಿ ಬರೆದಿಟ್ಟರು. ಡಾಲರನ್ನು ದಶಮಾಂಶವಾಗಿ ವಿಭಜಿಸಬೇಕೆಂದು 1784ರಲ್ಲಿ ವಾದಿಸಿದವರೂ ಅವರೇ. ಆದರೆ ದಿನವಹಿಯ ನಮೂದುಗಳನ್ನು ಖಾತೆಗಳಿಗೆ ಎತ್ತಿ, ಆಸ್ತಿ-ಜವಾಬ್ದಾರಿಗಳನ್ನು ತಾಳೆ ಹಾಕಿ, ತಮ್ಮ ನಿಜಸ್ಥಿತಿಯನ್ನು ಕಂಡುಕೊಳ್ಳುವ ಕ್ರಮ ಅವರಲ್ಲಿರಲಿಲ್ಲ. ಮಾವನ ಆಸ್ತಿಯೊಡನೆ ಬಂದ ಸಾಲ, ಅದರ ಬಡ್ಡಿ, ಸ್ನೇಹಿತನಿಗೆ ನಿಂತ ಜಾಮೀನು ಎಲ್ಲವೂ ಸೇರಿ 1826ರಲ್ಲಿ ಅವರು ಮರಣ ಹೊಂದಿದಾಗ 1 ಲಕ್ಷ ಡಾಲರಿಗೂ ಅಧಿಕ ಸಾಲ ಉಳಿದಿತ್ತು. ಖರ್ಚು ಬರೆಯುವುದೇ ಲೆಕ್ಕವೆಂದು ತಿಳಿದಿರುವ ಅನೇಕ ವರ್ತಕರು ಗಮನಿಸಬೇಕಾದ ಉದಾಹರಣೆಯಿದು.

ವೃತ್ತಿಯಿಂದ ರಾಜಕೀಯಕ್ಕೆ

ಇಷ್ಟೊಂದು ಬಗೆಯ ವೃತ್ತಿಗಳವರು ಒಂದೇ ಕಾಲಕ್ಕೆ ರಾಜಕೀಯಕ್ಕೆ ಬಂದದ್ದೇಕೆ? ಬ್ರಿಟಿಷ್ ಸರ್ಕಾರದ ಆಜ್ಞೆಗಳು ಒಂದೊಂದಾಗಿ ಅವರ ಕಸುಬಿಗೇ ತಟ್ಟಿದವು. 1763ರ ರಾಜಘೋಷಣೆ ಪಶ್ಚಿಮದ ಭೂಮಿಯಲ್ಲಿ ನೆಲೆಸುವುದನ್ನು ತಡೆದು ಮೋಜಣಿದಾರರಿಗೂ ಭೂ ವ್ಯವಹಾರಸ್ಥರಿಗೂ ಪೆಟ್ಟು ಕೊಟ್ಟಿತು. 1765ರ ಸ್ಟ್ಯಾಂಪ್ ಕಾಯಿದೆ ಪತ್ರಿಕೆ, ಪಂಚಾಂಗ, ನ್ಯಾಯಾಲಯದ ಕಾಗದ, ಹಡಗಿನ ರಹದಾರಿ ಎಲ್ಲದರ ಮೇಲೂ ತೆರಿಗೆ ಹೇರಿ ಮುದ್ರಕ, ವಕೀಲ, ವರ್ತಕ ಮೂವರನ್ನೂ ಒಟ್ಟಿಗೆ ಕೆರಳಿಸಿತು. ಮರುವರ್ಷ ಅದನ್ನು ಹಿಂತೆಗೆದುಕೊಂಡರೂ, ಪರಸ್ಪರ ಸ್ಪರ್ಧಿಗಳಾಗಿದ್ದವರು ಅಷ್ಟರಲ್ಲಿ ಒಂದೇ ಮೇಜಿನ ಸುತ್ತ ಕುಳಿತಾಗಿತ್ತು.

1773ರ ಚಹಾ ಕಾಯಿದೆಗೆ ನಮ್ಮ ನಾಡಿನ ಇತಿಹಾಸದೊಡನೆಯೂ ಒಂದು ಎಳೆ ಸೇರಿದೆ. ಈಸ್ಟ್ ಇಂಡಿಯಾ ಕಂಪನಿಯು ಆ ವೇಳೆಗೆ ಸಾಲದಲ್ಲಿ ಮುಳುಗಿತ್ತು. ಮೈಸೂರಿನ ಹೈದರ್ ಅಲಿ ಕರ್ನಾಟಿಕ್ ಪ್ರಾಂತದಲ್ಲಿ ಮುನ್ನುಗ್ಗಿದ ಸುದ್ದಿ 1769ರಲ್ಲಿ ಲಂಡನ್ನಿಗೆ ತಲುಪಿದಾಗ ಕಂಪನಿಯ ಷೇರಿನ ಬೆಲೆ ಕುಸಿಯಿತು. ಬಂಗಾಳದ 1770ರ ಕ್ಷಾಮ ಹಾಗೂ 1772ರ ಹಣಕಾಸು ಬಿಕ್ಕಟ್ಟು ಅದರ ಸ್ಥಿತಿಯನ್ನು ಮತ್ತಷ್ಟು ಹದಗೆಡಿಸಿದವು. ಉಗ್ರಾಣಗಳಲ್ಲಿ ಕೊಳೆಯುತ್ತಿದ್ದ ಚೀನಾ ಚಹಾವನ್ನು ಅಮೆರಿಕದಲ್ಲಿ ತನ್ನದೇ ಪ್ರತಿನಿಧಿಗಳ ಮೂಲಕ ಮಾರಲು ಕಂಪನಿಗೆ ಅವಕಾಶ ಕೊಟ್ಟಾಗ ಅಲ್ಲಿನ ವರ್ತಕರಿಗೆ ಮಾರುಕಟ್ಟೆಯೇ ಕೈತಪ್ಪುವ ಭೀತಿಯುಂಟಾಯಿತು. 1773ರ ಡಿಸೆಂಬರ್ 16ರಂದು ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ನೀರುಪಾಲಾಯಿತು. ಹೈದರ್ ಅಲಿಯ ಹೆಸರೂ ಅಲ್ಲಿಗೆ ತಲುಪಿತ್ತು. 1782ರಲ್ಲಿ ಫಿಲಡೆಲ್ಫಿಯಾದ ವರ್ತಕರ ನೆರವಿನಿಂದ ಪೆನ್ಸಿಲ್ವೇನಿಯಾ ರಾಜ್ಯವು ಸಜ್ಜುಗೊಳಿಸಿದ ಯುದ್ಧನೌಕೆಗೆ ಆತನ ಹೆಸರನ್ನೇ ಇಡಲಾಗಿತ್ತು.

ವರ್ತಕ ಮಾರಿಸ್ ಮತ್ತು ಎರಡು ಪುಸ್ತಕಗಳು

ಯುದ್ಧವನ್ನು ಘೋಷಿಸುವುದು ಸುಲಭ, ಅದಕ್ಕೆ ಹಣ ಹೊಂದಿಸುವುದು ಕಷ್ಟ. ಈ ಹೊಣೆ ಬಿದ್ದದ್ದು ರಾಬರ್ಟ್ ಮಾರಿಸ್ ಅವರ ಮೇಲೆ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ 1734ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದು, ಫಿಲಡೆಲ್ಫಿಯಾದ ವಿಲ್ಲಿಂಗ್ ಕುಟುಂಬದ ವರ್ತಕ ಸಂಸ್ಥೆಯಲ್ಲಿ ಕೆಲಸ ಕಲಿತು, 1757ರಲ್ಲಿ ಅದರ ಪಾಲುದಾರರಾದವರು ಅವರು. 1781ರಲ್ಲಿ ಒಕ್ಕೂಟದ ಹಣಕಾಸಿನ ಮೇಲಧಿಕಾರಿಯಾಗಿ ನೇಮಕಗೊಂಡಾಗ ಸರ್ಕಾರದ ಕಾಗದದ ಹಣಕ್ಕೆ ಬೆಲೆಯೇ ಇರಲಿಲ್ಲ. ಆದರೆ ಮಾರಿಸ್ ಅವರ ಸಹಿಗೆ ಬೆಲೆಯಿತ್ತು. ಅವರು ತಮ್ಮ ಸ್ವಂತ ಹೆಸರಿನಲ್ಲಿ ಹುಂಡಿಯಂತಹ ಪತ್ರಗಳನ್ನು ಹೊರಡಿಸಿದರು. ಜನ ಅವುಗಳನ್ನು ಸ್ವೀಕರಿಸಿದರು. ಯಾರ್ಕ್‌ಟೌನ್ ದಂಡಯಾತ್ರೆಗೆ ಹಣ ಮತ್ತು ಸಾಮಗ್ರಿ ಒದಗಿದ್ದರಲ್ಲಿ ಅವರ ಪಾತ್ರ ದೊಡ್ಡದು. 1782ರ ಜನವರಿಯಲ್ಲಿ ಬ್ಯಾಂಕ್ ಆಫ್ ನಾರ್ತ್ ಅಮೆರಿಕ ಅವರ ಪ್ರಯತ್ನದಿಂದ ವ್ಯವಹಾರ ಆರಂಭಿಸಿತು.

ಆದರೆ ಅಧಿಕಾರ ಸ್ವೀಕರಿಸುವ ಮೊದಲೇ ಅವರು ಒಂದು ಷರತ್ತು ಹಾಕಿದ್ದರು: ತಮ್ಮ ಖಾಸಗಿ ವ್ಯಾಪಾರದ ಸಂಬಂಧಗಳನ್ನು ಮುಂದುವರಿಸುವುದು. ಬೇರೆ ದಾರಿಯಿಲ್ಲದೆ ಪ್ರತಿನಿಧಿ ಸಭೆ ಒಪ್ಪಿತು. ಸರ್ಕಾರದ ಸಾಮಗ್ರಿ ಖರೀದಿಯೂ ಸ್ವಂತ ವ್ಯಾಪಾರವೂ ಒಂದೇ ಕೈಯಲ್ಲಿದ್ದುದರಿಂದ ಅನುಮಾನ ಮತ್ತು ಆರೋಪ ಅವರ ಬೆನ್ನು ಬಿಡಲಿಲ್ಲ. 1779ರಲ್ಲಿ ನಡೆದ ವಿಚಾರಣೆ ಅವರನ್ನು ದೋಷಮುಕ್ತರನ್ನಾಗಿಸಿತ್ತಾದರೂ ಸಂಶಯ ಉಳಿಯಿತು. ವ್ಯಕ್ತಿಯ ವಿಶ್ವಾಸಾರ್ಹತೆಯ ಮೇಲೆ ರಾಷ್ಟ್ರದ ವಿಶ್ವಾಸಾರ್ಹತೆ ನಿಂತರೆ ಎರಡಕ್ಕೂ ಅಪಾಯವೆಂಬುದು ಅವರ ಜೀವನದ ಉತ್ತರಾರ್ಧದಲ್ಲಿ ಸಾಬೀತಾಯಿತು. ಲಕ್ಷಾಂತರ ಎಕರೆ ಭೂಮಿಯನ್ನು ಸಾಲದ ಮೇಲೆ ಕೊಂಡ ಅವರು 1798ರಲ್ಲಿ ಸಾಲಗಾರರ ಸೆರೆಮನೆ ಸೇರಿದರು. ಅದೇ ವರ್ಷ ವಾಷಿಂಗ್ಟನ್ ಸೆರೆಮನೆಗೇ ಹೋಗಿ ಹಳೆಯ ಮಿತ್ರನೊಡನೆ ಊಟ ಮಾಡಿದರು. 1800ರ ದಿವಾಳಿ ಕಾಯಿದೆಯ ಅನ್ವಯ ಮಾರಿಸ್ ಬಿಡುಗಡೆ ಹೊಂದಿದ್ದು 1801ರಲ್ಲಿ.

ಗುಮಾಸ್ತ ಹ್ಯಾಮಿಲ್ಟನ್ ಮತ್ತು 1789ರ ಕಾಯಿದೆ

ಅಲೆಕ್ಸಾಂಡರ್ ಹ್ಯಾಮಿಲ್ಟನ್ ಕೆರಿಬಿಯನ್ ದ್ವೀಪದಲ್ಲಿ ಹುಟ್ಟಿದವರು. ಅಂಗಡಿ ನಡೆಸುತ್ತಿದ್ದ ತಾಯಿ 1768ರಲ್ಲಿ ತೀರಿಕೊಂಡಾಗ ಅವರಿನ್ನೂ ಬಾಲಕ. ಸೇಂಟ್ ಕ್ರೊಯಿ ದ್ವೀಪದ ವರ್ತಕ ಸಂಸ್ಥೆಯೊಂದರಲ್ಲಿ ಗುಮಾಸ್ತರಾದರು. 1771-72ರಲ್ಲಿ ಮಾಲೀಕ ನಿಕೊಲಸ್ ಕ್ರೂಗರ್ ನ್ಯೂಯಾರ್ಕಿಗೆ ಹೋಗಿದ್ದಾಗ, ಹದಿಹರೆಯದ ಗುಮಾಸ್ತನೇ ತಿಂಗಳುಗಟ್ಟಲೆ ವ್ಯವಹಾರ ನಡೆಸಿದನು. ಕಳಪೆಯಾಗಿ ಬಂದ ಹಿಟ್ಟನ್ನು ಬೆಲೆ ಇಳಿಸಿ ಸಾಗಹಾಕಿದ್ದು, ಬಡಕಲಾಗಿ ಬಂದಿಳಿದ ಹೇಸರಗತ್ತೆಗಳ ಬಗ್ಗೆ ವರದಿ ಮಾಡಿದ್ದು ಅವನ ಪತ್ರಗಳಲ್ಲಿವೆ. ಹಲವು ದೇಶಗಳ ನಾಣ್ಯಗಳ ವಿನಿಮಯ, ಹಡಗಿನ ಸರಕು, ಬರಬೇಕಾದ ಬಾಕಿ, ಇವೇ ಅವನ ಪಾಠಶಾಲೆ.

1789ರ ಸೆಪ್ಟೆಂಬರಿನಲ್ಲಿ ಆತ ಅಮೆರಿಕದ ಮೊದಲನೆಯ ಖಜಾನೆ ಕಾರ್ಯದರ್ಶಿಯಾದರು. ಅದೇ ತಿಂಗಳ 2ರಂದು ಜಾರಿಗೆ ಬಂದಿದ್ದ ಖಜಾನೆ ಕಾಯಿದೆಯನ್ನು ಲೆಕ್ಕಪರಿಶೋಧಕರು ಇಂದಿಗೂ ಮೆಚ್ಚಬಹುದು. ಬಿಲ್ಲುಗಳನ್ನು ಪರಿಶೀಲಿಸುವವನು ಲೆಕ್ಕಪರಿಶೋಧಕ. ಅದನ್ನು ಅಂತಿಮವಾಗಿ ಒಪ್ಪುವವನು ನಿಯಂತ್ರಕ. ದಾಖಲಿಸುವವನು ನೋಂದಣಿ ಅಧಿಕಾರಿ. ಹಣ ಕೊಡುವವನು ಖಜಾಂಚಿ. ಕಾರ್ಯದರ್ಶಿಯ ಆದೇಶಕ್ಕೆ ನಿಯಂತ್ರಕನ ಮೇಲುರುಜು ಇಲ್ಲದೆ ಖಜಾನೆಯಿಂದ ಹಣ ಹೊರಬೀಳುವಂತಿರಲಿಲ್ಲ. ನಾವಿಂದು ಆಂತರಿಕ ತಡೆ ಎಂದು ಕರೆಯುವ ಪದ್ಧತಿಯಿದು.

ಅದೇ ಕಾಯಿದೆಯ ಎಂಟನೆಯ ಪ್ರಕರಣ ಇನ್ನೂ ಮುಖ್ಯವಾದುದು. ಖಜಾನೆಯ ಈ ಹುದ್ದೆಗಳಲ್ಲಿರುವವರು ನೇರವಾಗಲಿ ಪರೋಕ್ಷವಾಗಲಿ ವ್ಯಾಪಾರದಲ್ಲಿ ತೊಡಗಕೂಡದು, ಹಡಗಿನ ಒಡೆತನ ಹೊಂದಕೂಡದು, ಸರ್ಕಾರಿ ಭೂಮಿಯನ್ನು ಕೊಳ್ಳಕೂಡದು, ಸರ್ಕಾರದ ಸಾಲಪತ್ರಗಳ ಕ್ರಯವಿಕ್ರಯ ಮಾಡಕೂಡದು. ತಪ್ಪಿದಲ್ಲಿ 3,000 ಡಾಲರ್ ದಂಡ, ಹುದ್ದೆಯಿಂದ ವಜಾ ಹಾಗೂ ಮುಂದೆ ಸರ್ಕಾರಿ ಹುದ್ದೆಗೆ ಶಾಶ್ವತ ಅನರ್ಹತೆ. ಎಂಟೇ ವರ್ಷಗಳ ಹಿಂದೆ ಮಾರಿಸ್ ಅವರಿಗೆ ಒಪ್ಪಿದ್ದ ಷರತ್ತಿಗೆ ಇದು ತೀರ ವಿರುದ್ಧವಾದದ್ದು. ಈ ನಿಯಮವನ್ನು ಅಂಗೀಕರಿಸಿದ ಸಭೆಯಲ್ಲಿ ವರ್ತಕರೂ ಇದ್ದರು. ಮಾರಿಸ್ ಸ್ವತಃ ಸೆನೆಟ್ ಸದಸ್ಯರಾಗಿದ್ದರು.

ನಿಯಮದ ಅಗತ್ಯ ಬಹುಬೇಗ ಕಂಡಿತು. 1790ರ ಜನವರಿಯಲ್ಲಿ ಹ್ಯಾಮಿಲ್ಟನ್ ಸುಮಾರು 5 ಕೋಟಿ 40 ಲಕ್ಷ ಡಾಲರ್‌ಗಳ ಒಕ್ಕೂಟದ ಸಾಲವನ್ನು ಪೂರ್ಣವಾಗಿ ಮಾನ್ಯ ಮಾಡಬೇಕೆಂದೂ, ಸುಮಾರು 2 ಕೋಟಿ 50 ಲಕ್ಷ ಡಾಲರ್‌ಗಳ ರಾಜ್ಯಗಳ ಸಾಲವನ್ನು ಒಕ್ಕೂಟವೇ ವಹಿಸಿಕೊಳ್ಳಬೇಕೆಂದೂ ಸೂಚಿಸಿದರು. ಯುದ್ಧ ಮಾಡಿದ ಸೈನಿಕರಿಂದ ಸಾಲಪತ್ರಗಳನ್ನು ಕವಡೆ ಕಾಸಿಗೆ ಕೊಂಡಿದ್ದ ಸಟ್ಟಾ ವ್ಯಾಪಾರಿಗಳಿಗೆ ಇದು ಸುಗ್ಗಿಯಾಯಿತು. ಹ್ಯಾಮಿಲ್ಟನ್ನರ ಸಹಾಯಕರಾಗಿದ್ದ ವಿಲಿಯಂ ಡ್ಯೂಯರ್ ಅಂಥವರಲ್ಲೊಬ್ಬರು. ಅವರು 1790ರಲ್ಲಿ ಹುದ್ದೆ ತೊರೆದು ಸಟ್ಟಾ ವ್ಯವಹಾರವನ್ನು ಮುಂದುವರಿಸಿದರು. ಹಿಂದಿನ ಖಜಾನೆ ಮಂಡಳಿಯ ಕಾಲದ 2 ಲಕ್ಷ ಡಾಲರಿಗೂ ಮೀರಿದ ಬಾಕಿಗಾಗಿ 1792ರ ಮಾರ್ಚ್‌ನಲ್ಲಿ ನಿಯಂತ್ರಕರು ಮೊಕದ್ದಮೆಗೆ ಕ್ರಮ ಕೈಗೊಂಡರು. ಅದೇ ತಿಂಗಳು ಡ್ಯೂಯರ್ ಸೆರೆಮನೆ ಸೇರಿದರು, ನ್ಯೂಯಾರ್ಕಿನ ಮಾರುಕಟ್ಟೆ ತತ್ತರಿಸಿತು. ಹ್ಯಾಮಿಲ್ಟನ್ ಮಾತ್ರ ರಾಷ್ಟ್ರದ ಸಾಲವನ್ನು ಕ್ರಮಪಡಿಸಿಯೂ, 1804ರಲ್ಲಿ ಮರಣ ಹೊಂದಿದಾಗ ಕುಟುಂಬಕ್ಕೆ ಸಾಲವನ್ನೇ ಬಿಟ್ಟುಹೋದರು. ಸ್ನೇಹಿತರು ಚಂದಾ ಎತ್ತಿ ನೆರವಾದರು.

ಖಾತೆಯಲ್ಲಿ ಕಾಣದ ಋಣ

ಈ ಖಾತೆಗಳ ಬಗ್ಗೆ ಬರೆಯುವಾಗ ಮರೆಮಾಚಬಾರದ ಇನ್ನೊಂದು ಅಂಶವಿದೆ. ಗೋಧಿಯ ಮೂಟೆ, ಕುದುರೆ, ನೇಗಿಲುಗಳ ಜೊತೆಯಲ್ಲಿ ಮನುಷ್ಯರ ಹೆಸರುಗಳೂ ಆಸ್ತಿಯ ಕಲಮಿನಲ್ಲಿ ನಮೂದಾಗಿವೆ. 1799ರಲ್ಲಿ ಮೌಂಟ್ ವರ್ನನ್ನಿನಲ್ಲಿ 317 ಮಂದಿ ಗುಲಾಮರಿದ್ದರು. ಅವರಲ್ಲಿ ತಮ್ಮ ಸ್ವಂತದ 123 ಮಂದಿಯ ಬಿಡುಗಡೆಗೆ ವಾಷಿಂಗ್ಟನ್ ಮರಣಪತ್ರದಲ್ಲಿ ವ್ಯವಸ್ಥೆ ಮಾಡಿದರು. ಉಳಿದವರಲ್ಲಿ ಬಹುಪಾಲು ಜನ ಪತ್ನಿಯ ಮೊದಲ ಗಂಡನ ಆಸ್ತಿಗೆ ಸೇರಿದವರಾಗಿದ್ದು ಗುಲಾಮರಾಗಿಯೇ ಉಳಿದರು. ಫ್ರಾಂಕ್ಲಿನ್ನರ ಪತ್ರಿಕೆ ಗುಲಾಮರ ಮಾರಾಟದ ಜಾಹೀರಾತುಗಳಿಂದ ಹಣ ಪಡೆದಿತ್ತು. ಅವರೇ ತಮ್ಮ ಕೊನೆಯ ವರ್ಷಗಳಲ್ಲಿ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷರಾಗಿ 1790ರಲ್ಲಿ ಸಂಸತ್ತಿಗೆ ಮನವಿ ಸಲ್ಲಿಸಿದರು. ಹ್ಯಾಮಿಲ್ಟನ್ ಗುಮಾಸ್ತರಾಗಿದ್ದ ಸಂಸ್ಥೆಯೂ ಗುಲಾಮರ ವ್ಯಾಪಾರದಿಂದ ದೂರವಿರಲಿಲ್ಲ. ಎಲ್ಲಕ್ಕಿಂತ ಮನ ಕಲಕುವುದು ಜೆಫರ್ಸನ್ನರ ಪ್ರಕರಣ. ತಾಳೆ ಹಾಕದ ಆ ಲೆಕ್ಕದ ಹೊರೆ ಕೊನೆಗೆ ಬಿದ್ದದ್ದು ಅವರ ಮೇಲಲ್ಲ. ಸಾಲ ತೀರಿಸಲು 1827ರ ಜನವರಿಯಲ್ಲಿ ಮಾಂಟಿಸೆಲೊದಲ್ಲಿ 130 ಮಂದಿ ಗುಲಾಮರ ಹರಾಜು ಘೋಷಿತವಾಗಿ, ಕುಟುಂಬಗಳು ಚದುರಿಹೋದವು. ಖಾತೆಯ ಎರಡು ಬದಿಗಳು ಸಮವಾದ ಮಾತ್ರಕ್ಕೆ ಅದು ನ್ಯಾಯವಾದ ಖಾತೆಯೆನಿಸುವುದಿಲ್ಲ. ಏನನ್ನು ಆಸ್ತಿಯೆಂದು ಬರೆಯಬಹುದು ಎಂಬ ಪ್ರಶ್ನೆಗೆ ಲೆಕ್ಕಶಾಸ್ತ್ರವೊಂದೇ ಉತ್ತರ ಕೊಡಲಾರದು.

ಉಪಸಂಹಾರ

ಮೇಲಿನ ವಿವರಗಳಿಂದ ವರ್ತಕರೇ ಉತ್ತಮ ಆಡಳಿತಗಾರರೆಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ. ವರ್ತಕರು ರಾಜಕೀಯಕ್ಕೆ ಬರಬಾರದೆಂದೂ ಅರ್ಥವಲ್ಲ. ಬಂದವರು ತಮ್ಮೊಡನೆ ತಮ್ಮ ಗದ್ದಿಗೆಯ ಅಭ್ಯಾಸಗಳನ್ನೂ ತಂದೇ ತರುತ್ತಾರೆ ಎಂಬುದಷ್ಟೇ ಸತ್ಯ. ಪ್ರತಿ ತ್ರೈಮಾಸಿಕಕ್ಕೂ ಲೆಕ್ಕ ಕಳುಹಿಸಿದ ಎಲಿಜಬೆತ್ ತಿಮೋತಿ, ಒಂದು ಡಾಲರಿನೊಳಗೆ ಲೆಕ್ಕ ತಾಳೆಯಾಗಿಸಿದ ವಾಷಿಂಗ್ಟನ್, ಇವರ ಅಭ್ಯಾಸ ಅಂಗಡಿಯಲ್ಲಿಯೂ ಸರ್ಕಾರದಲ್ಲಿಯೂ ಒಂದೇ. ಹ್ಯಾನ್‌ಕಾಕ್ ಅವರ ಮುಂದೂಡಿಕೆ, ಮಾರಿಸ್ ಅವರ ಎರಡು ಪುಸ್ತಕಗಳ ಬೆರಕೆ ಸಹ ಹಾಗೆಯೇ.

ಸಹಕಾರಿ ಬ್ಯಾಂಕಿನ ನಿರ್ದೇಶಕರಾಗಿ, ವಿದ್ಯಾಸಂಸ್ಥೆಯ ಖಜಾಂಚಿಯಾಗಿ, ದೇವಸ್ಥಾನದ ಧರ್ಮದರ್ಶಿಯಾಗಿ, ಪುರಸಭೆಯ ಸದಸ್ಯರಾಗಿ ನಮ್ಮ ಸದಸ್ಯರಲ್ಲಿ ಅನೇಕರು ಪರರ ಹಣವನ್ನು ನಿರ್ವಹಿಸುತ್ತಿದ್ದಾರೆ. ಅಂಥವರು ಮೂರು ನಿಯಮಗಳನ್ನು ಪಾಲಿಸುವುದು ಒಳಿತು. ಸ್ವಂತ ಪುಸ್ತಕ ಹಾಗೂ ಸಂಸ್ಥೆಯ ಪುಸ್ತಕಗಳ ನಡುವೆ ಒಂದು ದಿನದ ಮಟ್ಟಿಗೂ ಕೈಗಡ ಬೇಡ. ದಿನವಹಿ ಬರೆದು ತೃಪ್ತರಾಗದೆ ಕಾಲಕಾಲಕ್ಕೆ ಆಸ್ತಿ-ಜವಾಬ್ದಾರಿ ಪಟ್ಟಿ ತಯಾರಿಸಿ ಅದನ್ನು ಓದಬೇಕು. ಹುದ್ದೆಯಿಂದ ಇಳಿಯುವ ದಿನವೇ ಲೆಕ್ಕ ಒಪ್ಪಿಸಿ ರಸೀದಿ ಪಡೆಯಬೇಕು. ಸ್ವಂತ ವ್ಯಾಪಾರದಲ್ಲಿ ಈ ಶಿಸ್ತನ್ನು ರೂಢಿಸಿಕೊಂಡವರಿಗೆ ಸಾರ್ವಜನಿಕ ಹೊಣೆ ಹೊಸ ಪಾಠವಾಗುವುದಿಲ್ಲ.